ಕಿಟಕಿ ಕಮಲಮ್ಮನಲ್ಲಿ ನನ್ನ ಪಾಲು

ಸಕ್ಕರೆ ಕಾಯಿಲೆ ಇದ್ದವರು ಮದುವೆ ಮನೆಯ ಪಂಕ್ತಿಯಲ್ಲಿ ಕೂತು, “ನನಗ ಶುಗರ್ ಐತ್ರಿ, ಹೋಳಿಗಿ ಅರ್ಧ ಹಾಕ್ರಿ” ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಬಿಪಿ ಇರುವವರು ಉಪ್ಪಿನಕಾಯಿ ಬಂದಾಗ ಹೇಳುತ್ತಾರೆ. ಮಂಡಿನೋವಿನವರಂತೂ ಏಳುವಾಗ ಒಂದು ಸಲ, ಕೂರುವಾಗ ಒಂದು ಸಲ ಹೇಳುತ್ತಾರೆ. ಆದರೆ “ನನಗ ಹೊಟ್ಟೆಕಿಚ್ಚು ಐತ್ರಿ” ಎಂದು ಬಾಯಿಬಿಟ್ಟು ಹೇಳಿದ ಒಂದು ಪ್ರಾಣಿಯನ್ನೂ ನಾನು ಇದುವರೆಗೆ ಕಂಡಿಲ್ಲ. ಹೀಗಾಗಿ ಈ ಕಾಯಿಲೆ ಲೋಕದಲ್ಲಿ ನನ್ನೊಬ್ಬಳಿಗೇ ಬಂದಿದೆಯೇನೋ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ. ಅದೂ ಯಾರ ಮೇಲೆ? ಪಕ್ಕದ ಮನೆಯವರ ಬಂಗಾರದ ಮೇಲಾಗಿದ್ದರೆ ನಾಲ್ಕು ಜನ ಅರ್ಥ ಮಾಡಿಕೊಂಡಾರು. ನನ್ನದು ಒಡಹುಟ್ಟಿದ ತಂಗಿಯ ಮೇಲೆ. ಆಕೆಯ ಕಸುಬೋ, ನಾಲ್ಕು ಜನರನ್ನು ನಗಿಸುವುದು. ಅಂಥವಳನ್ನು ನೋಡಿದಾಗಲೆಲ್ಲ ಎದೆಯುರಿ ಬರುತ್ತದೆ ಎಂದರೆ ಯಾವ ಡಾಕ್ಟರು ಮಾತ್ರೆ ಬರೆದುಕೊಟ್ಟಾರು?

ಆಕೆಯನ್ನು ನೀವೂ ನೋಡಿರುತ್ತೀರಿ. ಹೆಸರು ಹೇಳಿದರೆ ತಕ್ಷಣ ನೆನಪಾಗಲಿಕ್ಕಿಲ್ಲ. ಧಾರಾವಾಹಿಗಳಲ್ಲಿ ಲೇಡೀಸ್ ಹಾಸ್ಟೆಲಿನ ವಾರ್ಡನ್ ಆಗಿ, ಮೆಸ್ಸಿನ ಒಡತಿಯಾಗಿ, ಸಿನಿಮಾಗಳಲ್ಲಿ ನಾಯಕಿಯ ಸೋದರತ್ತೆಯಾಗಿ, ಮದುವೆ ದಲ್ಲಾಳಿಯಾಗಿ ಬರುತ್ತಾಳಲ್ಲ, ದುಂಡು ಮುಖ, ದೊಡ್ಡ ಕಣ್ಣು, ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು ನೀವು ನಗುವುದಕ್ಕೆ ಸಿದ್ಧರಾಗುತ್ತೀರಲ್ಲ, ಅವಳೇ. ಹೆಸರು ಓಬಳಮ್ಮ. ಮನೆಯಲ್ಲಿ ಓಬಿ. ನಮ್ಮಜ್ಜಿ ಓಬಳೇಶ್ವರನಿಗೆ ಹರಕೆ ಹೊತ್ತಿದ್ದರಿಂದ ಅವಳಿಗೆ ಆ ಹೆಸರು. ಮೊದಲು ಹುಟ್ಟಿದ ನನಗೆ ನಮ್ಮಪ್ಪ ಆಸೆಪಟ್ಟು ಪ್ರಮೀಳ ಎಂದು ಇಟ್ಟಿದ್ದ. ಅಂದರೆ ಹೆಸರಿನಲ್ಲೇ ನಾನು ಗೆದ್ದಿದ್ದೆ. ಬಣ್ಣದಲ್ಲಿ ಗೆದ್ದಿದ್ದೆ, ಜಡೆಯ ಉದ್ದದಲ್ಲಿ ಗೆದ್ದಿದ್ದೆ, ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿದ್ದುದೂ ನನಗೇ. ಇಷ್ಟೆಲ್ಲ ಗೆದ್ದವಳು ಈಗ ರಾಯದುರ್ಗದ ಒಂದು ಬೀದಿಯಲ್ಲಿ “ಓಬಳಮ್ಮನ ಅಕ್ಕ” ಎಂದು ಕರೆಸಿಕೊಂಡು ಬದುಕುತ್ತಿದ್ದೇನೆ.

ನಮ್ಮದು ಆಂಧ್ರದ ಗಡಿಯೊಳಗಿನ ಮಡಕಶಿರಾ ಕಡೆಯ ಹಳ್ಳಿ. ಅಪ್ಪನಿಗೆ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಓಬಿ ಮಾಯವಾಗುತ್ತಿದ್ದಳು. ಹುಡುಕಿಕೊಂಡು ಹೋದರೆ ಯಾರದಾದರೂ ಜಗಲಿಯ ಮೇಲೆ ಕೂತು, ಆ ಮನೆಯ ಮುದುಕಿ ಎಲೆಅಡಿಕೆ ಕುಟ್ಟುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿರುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಹೆಡ್‌ಮೇಷ್ಟ್ರು ಒಂದು ನಾಟಕ ಬರೆದಿದ್ದರು. ನಾನು ಮಗನನ್ನು ಕಳೆದುಕೊಂಡು ಅಳುವ ರಾಣಿ. ಓಬಿ ದಾಸಿ. ಅವಳಿಗೆ ಮಾತೇ ಇಲ್ಲ; ನೀರಿನ ಲೋಟ ತಟ್ಟೆಯಲ್ಲಿಟ್ಟುಕೊಂಡು ಬಂದು, ರಾಣಿಗೆ ಕೊಟ್ಟು ಹೋಗಬೇಕು, ಅಷ್ಟೆ. ನಾನು ನೆಲಕ್ಕೆ ಕುಸಿದು, “ಕಂದಾ, ಎಲ್ಲಿರುವೆ” ಎಂದು ಶುರುಮಾಡಿದೆ. ಎದುರಿಗೆ ಕೂತ ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದೂ ನನಗೆ ಕಾಣಿಸಿತು. ಅಷ್ಟರಲ್ಲಿ ದಾಸಿ ಬಂದಳು. ನನ್ನನ್ನು ನೋಡಿದಳು, ಜನರನ್ನು ನೋಡಿದಳು. ರಾಣಿಯ ಅಳು ಈಗ ಮುಗಿಯುವುದಿಲ್ಲ ಅನ್ನಿಸಿತೋ ಏನೋ, ಲೋಟ ಎತ್ತಿ ನೀರನ್ನು ಗಟಗಟ ತಾನೇ ಕುಡಿದು, ತಟ್ಟೆಯಿಂದ ತನಗೇ ಗಾಳಿ ಹಾಕಿಕೊಳ್ಳುತ್ತ ನಿಂತುಬಿಟ್ಟಳು. ಊರೇ ಬಿದ್ದು ಬಿದ್ದು ನಕ್ಕಿತು. ನನ್ನ ಕಂದ ಆ ನಗುವಿನಲ್ಲಿ ಎಲ್ಲಿ ಹೋದನೋ ಗೊತ್ತಾಗಲಿಲ್ಲ. ನನ್ನ ಕಾಯಿಲೆ ಶುರುವಾದದ್ದು ಅವತ್ತೇ ಇರಬೇಕು.

ಮುಂದೆ ನನ್ನನ್ನು ಆಂಧ್ರದಲ್ಲೇ ಇರುವ ರಾಯದುರ್ಗಕ್ಕೆ ಕೊಟ್ಟರು. ನಮ್ಮ ಯಜಮಾನರದು ಜೀನ್ಸ್ ಪ್ಯಾಂಟ್ ಹೊಲಿಸುವ ಒಂದು ಶೆಡ್ಡು. ಓಬಿಗೂ ಗಂಡು ನೋಡಲು ಶುರುಮಾಡಿದರು. ಒಂದು ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಒಪ್ಪಿಗೆಯಾದ ಹಾಗೆಯೇ ಮಾತಾಡಿ ಹೊರಟರು. ಅವರು ಬೀದಿಯ ತಿರುವು ದಾಟಿರಬೇಕು ಅಷ್ಟೆ, ಓಬಿ ನಡುಮನೆಯಲ್ಲಿ ನಿಂತು, ಹುಡುಗನ ಅಪ್ಪ ಹೇಗೆ ಉಪ್ಪಿಟ್ಟಿನಿಂದ ಮೆಣಸಿನಕಾಯಿ ಆರಿಸಿ ಆರಿಸಿ ಹೆಂಡತಿಯ ತಟ್ಟೆಗೆ ಹಾಕಿದ ಎಂದು ಮಾಡಿ ತೋರಿಸತೊಡಗಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಗದೆ ಇದ್ದವರು ಒಬ್ಬರೇ, ಬಾಗಿಲಲ್ಲಿ ನಿಂತಿದ್ದ ಹುಡುಗನ ಅಪ್ಪ. ಮರೆತುಹೋಗಿದ್ದ ಟವೆಲ್ಲಿಗೆ ಬಂದಿದ್ದರಂತೆ. ಟವೆಲ್ಲು ತಗೊಂಡು ಹೋದರು, ಸಂಬಂಧವನ್ನೂ ತಗೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ. ಓಬಿ ಬಳ್ಳಾರಿ ಕಡೆ ಆಡುತ್ತಿದ್ದ ಒಂದು ನಾಟಕದ ತಂಡ ಸೇರಿದಳು. ಅಪ್ಪ ಕೆಲವು ಕಾಲ ಮಾತು ಬಿಟ್ಟಿದ್ದ. ಬೊಮ್ಮನಹಾಳದಲ್ಲಿ ಅವಳ ನಾಟಕ ನೋಡಿ ಬಂದ ಮೇಲೆ, “ಏನಾರ ಮಾಡ್ಕೊಳ್ಲಿ ಬಿಡು, ನನಗೇ ನಗು ತಡ್ಕೊಳ್ಳಾಕಾಗ್ಲಿಲ್ಲ” ಎಂದ.

ಅಲ್ಲಿಂದ ಬೆಂಗಳೂರು. ಮೊದಮೊದಲು ಅವಳ ಪಾತ್ರಗಳಿಗೆ ಹೆಸರೂ ಇರುತ್ತಿರಲಿಲ್ಲ. “ತರಕಾರಿಯವಳು”, “ಕ್ಯೂನಲ್ಲಿ ನಿಂತವಳು”, “ಎರಡನೇ ನೆರೆಯವಳು”. ಒಂದು “ಬಂದೇ ಅಮ್ಮಾ” ಹೇಳುವುದಕ್ಕೆ ಬೆಳಗಿನಿಂದ ಸಂಜೆಯವರೆಗೆ ಮೇಕಪ್ಪು ಹಚ್ಚಿಕೊಂಡು ಮರದ ಕೆಳಗೆ ಕೂರುತ್ತಿದ್ದೆ ಎಂದು ಅವಳೇ ಹೇಳುತ್ತಿದ್ದಳು. ತೆಲುಗೂ ಬರುತ್ತಿದ್ದುದರಿಂದ ಅಲ್ಲಿಯೂ ಕರೆದರು. ಜನರನ್ನು ನಗಿಸಲು ಎರಡು ಭಾಷೆಗಳಲ್ಲೂ ಜಾರಿ ಜಾರಿ ಕೆಸರಿಗೆ ಬಿದ್ದಳು. ಓಬಳಮ್ಮ ಎಂಬ ಹೆಸರು ಬದಲಾಯಿಸಿಕೋ ಎಂದು ಮೊದಮೊದಲು ಹೇಳಿದವರು, ಆಮೇಲೆ ಪರದೆಯ ಮೇಲೆ ಆ ಹೆಸರು ಬಂದರೆ ಜನ ಶಿಳ್ಳೆ ಹಾಕುವುದನ್ನು ನೋಡಿ ಸುಮ್ಮನಾದರು. ಇದೆಲ್ಲ ನಡೆಯುವಾಗ ನನ್ನ ಉರಿ ಸಣ್ಣ ಉರಿಯಲ್ಲಿತ್ತು. ಕೆಸರಿಗೆ ಬೀಳುವವಳ ಮೇಲೆ ಎಷ್ಟೆಂದು ಹೊಟ್ಟೆಕಿಚ್ಚು ಪಡುವುದು? ಅದು ಭಗ್ ಎಂದು ಹತ್ತಿಕೊಂಡದ್ದು ಕಿಟಕಿ ಕಮಲಮ್ಮ ಬಂದಾಗ.

ಕಮಲಮ್ಮ ಎಂದರೆ ಓಬಿಗೆ ಸಂಜೆಯ ಒಂದು ಧಾರಾವಾಹಿಯಲ್ಲಿ ಸಿಕ್ಕ ಪಾತ್ರ. ನಾಯಕಿಯ ಎದುರು ಮನೆಯವಳು. ಸದಾ ಕಿಟಕಿಯಲ್ಲಿರುತ್ತಾಳೆ. ಮಾತು ನಮ್ಮ ರಾಯದುರ್ಗದ ಕಡೆಯದು. ಬೀದಿಯಲ್ಲಿ ಯಾರು ಹೋದರೂ, “ನನಗ್ಯಾಕ ಬೇಕ್ರಿ ಊರ ಸುದ್ದಿ” ಎನ್ನುತ್ತಾಳೆ, ಮೂಗನ್ನು ಸೊರ್ರನೆ ಒಂದು ಸಲ ಮೇಲಕ್ಕೆಳೆಯುತ್ತಾಳೆ, ಆಮೇಲೆ ಊರ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಎಲ್ಲ ಜನಕ್ಕೂ ಅವಳ ಹುಚ್ಚು ಹಿಡಿಯಿತು.

ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ. ಎದುರು ಮನೆಯ ಸರೋಜಮ್ಮ ತಮ್ಮ ಕಿಟಕಿಯಿಂದ ಕೂಗಿದರು. “ಪ್ರಮೀಳಮ್ಮ, ನಿಮ್ಮ ತಂಗಿ ನಿಮ್ಮನ್ನ ಟೀವಿಯಾಗ ತಂದಾಳಲ್ರೀ!”

“ನನ್ನನ್ಯಾಕ ತರ್ತಾಳ್ರಿ?” ಎಂದೆ.

“ಕಮಲಮ್ಮ ಅಂದ್ರ ನೀವೇ ಅಂತ ಬೀದಿಗೆಲ್ಲ ಗೊತ್ತೈತ್ರಿ. ಮೂಗು ಎಳೆಯೋದು ನೋಡ್ರಿ, ನೀವಾ ಬಂದು ಕುಂತಂಗ ಐತಿ.”

ಒಳಗೆ ಬಂದು ಯಜಮಾನರ ಮುಂದೆ ಕಿಡಿಕಿಡಿಯಾದೆ. “ಹೇಳ್ರಿ, ನಾನು ಎಂದಾದ್ರೂ ಊರ ಸುದ್ದಿ ಮಾತಾಡೀನಾ? ಈ ಸರೋಜಮ್ಮನ ಸೊಸಿ ತವರಿಗೆ ಹೋಗಿ ಇನ್ನೂ ಬಂದಿಲ್ಲ. ಯಾಕ ಹೋದಳು, ಯಾರ ಮ್ಯಾಲೆ ಸಿಟ್ಟು ಮಾಡ್ಕೊಂಡು ಹೋದಳು, ಒಂದು ಮಾತು ಕೇಳೀನಾ? ನನಗ್ಯಾಕ ಬೇಕ್ರಿ ಅದೆಲ್ಲ?” ಎಂದು ಹೇಳಿ ಮುಗಿಸಿದಾಗ ಮೂಗು ತನ್ನಷ್ಟಕ್ಕೆ ತಾನು ಸೊರ್ ಎಂದಿತು. ಯಜಮಾನರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಸದ್ದು ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ನಕ್ಕರು.

ಆಗಲೇ ನನಗೆ ಹೊಳೆದದ್ದು. ನನ್ನ ಮಗಳು ಕೂಸಾಗಿದ್ದಾಗ, ಎತ್ತಿಕೊಳ್ಳುವುದಕ್ಕೆ ಒಂದು ಕೈ ಇರಲಿ ಎಂದು ಓಬಿಯನ್ನು ಕರೆಸಿಕೊಂಡಿದ್ದೆ. ಕೂಸನ್ನು ನೋಡಿಕೊಂಡದ್ದಕ್ಕಿಂತ ಹೆಚ್ಚಾಗಿ ಅವಳು ನನ್ನನ್ನೂ ಈ ಬೀದಿಯನ್ನೂ ನೋಡಿಟ್ಟುಕೊಂಡಿದ್ದಳು ಎಂದು ಈಗ ಗೊತ್ತಾಯಿತು. ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. “ನನ್ನ ಹೆಸರು ಎಲ್ಲಾದ್ರೂ ಎತ್ತಿದೀಯೋ, ಅಮ್ಮನ ಮೇಲಾಣೆ!” ಎಂದೆ. ಆ ಕಡೆಯಿಂದ ಅವಳು, “ಆಯ್ತು ಕಣಕ್ಕಯ್ಯ, ಎತ್ತಲ್ಲ” ಎಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಆ ಹುಡುಗಿಯ ದನಿಯಲ್ಲಿ ಎಂದೂ ಗೊತ್ತಾಗುವುದಿಲ್ಲ. ಆಮೇಲೆ ನಾನು ಫೋನು ಮಾಡುವುದನ್ನೇ ಬಿಟ್ಟೆ.

ಆದರೆ ಒಂದು ವಿಚಿತ್ರ ನಡೆಯಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹೆಂಗಸರು ಪಿಸುಗುಟ್ಟುತ್ತಿದ್ದರು. ತಹಸೀಲ್ದಾರ್ ಆಫೀಸಿಗೆ ಯಾವುದೋ ಸರ್ಟಿಫಿಕೇಟಿಗೆ ಹೋದರೆ ಗುಮಾಸ್ತೆ ತಲೆಯೆತ್ತಿ, “ಕಮಲಮ್ಮಗಾರು, ರಂಡಿ ರಂಡಿ” ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಕುರ್ಚಿ ಹಾಕಿಸಿದ. ಮದುವೆ ಮನೆಗಳಲ್ಲಿ ಹುಡುಗಿಯರು, “ಆಂಟಿ, ಒಂದ್ಸಲ ಅನ್ರಿ ಪ್ಲೀಸ್” ಎಂದು ಸುತ್ತುವರಿಯುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತ ಅನ್ನುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಮೂಗು ಯಾವ ಕಡೆಯಿಂದ ಎಳೆದರೆ ಚೆನ್ನಾಗಿ ಕಾಣುತ್ತದೆ ಎಂದು ನೋಡಿಕೊಂಡದ್ದೂ ಉಂಟು. ನನ್ನ ತಂಗಿ ನನ್ನನ್ನು ನೋಡಿ ಕಲಿತದ್ದನ್ನು ನಾನು ಅವಳನ್ನು ನೋಡಿ ತಿದ್ದಿಕೊಳ್ಳತೊಡಗಿದೆ.

ಹೀಗಿರುವಾಗ ಊರಿನ ಒಂದು ಸಾಂಸ್ಕೃತಿಕ ಸಂಘದವರು ಕಲ್ಯಾಣ ಮಂಟಪದಲ್ಲಿ ಓಬಿಗೆ ಸನ್ಮಾನ ಇಟ್ಟುಕೊಂಡರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಧರ್ಮಾವರಂ ಸೀರೆ ಉಟ್ಟಿದ್ದೆ. ವೇದಿಕೆಗೆ ಕರೆದರೆ ಮೊದಲು ತಲೆಯಾಡಿಸಿ ಬೇಡ ಎನ್ನಬೇಕು, ಎರಡನೇ ಸಲ ಕರೆದಾಗ ಸೆರಗು ಸರಿಮಾಡಿಕೊಳ್ಳಬೇಕು, ಮೂರನೇ ಸಲಕ್ಕೆ ಏಳಬೇಕು ಎಂದು ಮನೆಯಲ್ಲೇ ನಿರ್ಧರಿಸಿಕೊಂಡು ಬಂದಿದ್ದೆ. ಸರೋಜಮ್ಮ ನನ್ನ ಹಿಂದಿನ ಸಾಲಿನಲ್ಲಿದ್ದರು. ಅರ್ಧ ವಾಕ್ಯ ತೆಲುಗು, ಅರ್ಧ ವಾಕ್ಯ ಕನ್ನಡ ಮಾತಾಡುತ್ತಿದ್ದ ನಿರೂಪಕ ಕೇಳಿದ: “ಮೇಡಂ, ಈ ಕಮಲಮ್ಮ ಅನ್ನೋರು ನಿಜವಾಗ್ಲೂ ಅದಾರೇನ್ರಿ?”

“ಇದಾರೆ. ಇಲ್ಲೇ, ಈ ಸಭೇಲೇ ಕೂತಿದಾರೆ” ಎಂದಳು ಓಬಿ.

ನಾನು ಕೈಚೀಲವನ್ನು ಯಜಮಾನರ ತೊಡೆಯ ಮೇಲಿಟ್ಟೆ.

“ಈ ಊರಿನೋರೇ. ನಮ್ಮಕ್ಕನ...” ಎಂದಳು. ಮೂರು ಸಲ ಕರೆಯುವವರೆಗೆ ಕಾಯುವ ತಾಳ್ಮೆ ಯಾರಿಗಿರುತ್ತದೆ? ನಾನು ಎದ್ದೇಬಿಟ್ಟೆ. “...ನಮ್ಮಕ್ಕನ ಎದುರುಮನೆ ಸರೋಜಮ್ಮನೋರು!” ಎಂದು ಅವಳು ಮಾತು ಮುಗಿಸಿದಳು.

ಸಭೆಯೆಲ್ಲ ಚಪ್ಪಾಳೆ. ನಾನು ನಡುವೆ ನಿಂತಿದ್ದೇನೆ. ಕೂರುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಬೇರೆ ದಾರಿ ಕಾಣದೆ ಹಿಂದಕ್ಕೆ ತಿರುಗಿ, “ಬರ್ರಿ ಸರೋಜಮ್ಮ, ಬರ್ರಿ” ಎಂದು ನಾನೇ ಕೈಹಿಡಿದು ಎಬ್ಬಿಸಿ ಮೆಟ್ಟಿಲವರೆಗೆ ಬಿಟ್ಟುಬಂದೆ. “ಎಂಥಾ ದೊಡ್ಡ ಮನಸ್ಸು ನೋಡು” ಎಂದು ಪಕ್ಕದವರು ಮಾತಾಡಿಕೊಂಡದ್ದು ಕೇಳಿಸಿತು. ಮೇಲೆ ಸರೋಜಮ್ಮನಿಗೆ ಹಾರ ಹಾಕಿ ಮೈಕು ಕೊಟ್ಟರು. ಅಷ್ಟು ಜನರನ್ನು ನೋಡಿ ಬೆವೆತುಹೋದ ಅವರು, “ನನಗ್ಯಾಕ ಬೇಕ್ರಿ ಇದೆಲ್ಲ” ಎಂದರು. ಮಂಟಪ ಹಾರಿಹೋಗುವಂಥ ನಗು. ಆ ಹೆಂಗಸು ಜನ್ಮದಲ್ಲಿ ಆ ಮಾತು ಆಡಿದವರಲ್ಲ. ಆ ಮಾತು ನನ್ನದು!

ಮನೆಗೆ ಬಂದು ಓಬಿಗೆ ಇಷ್ಟವೆಂದು ಮುದ್ದೆ, ಹುರುಳಿಕಾಳು ಸಾರು ಮಾಡಿದ್ದನ್ನು ಬಡಿಸಿದೆ. ಬಡಿಸಿದೆ ಎನ್ನುವುದಕ್ಕಿಂತ ಸೌಟಿನಿಂದ ತಟ್ಟೆಯನ್ನು ಬಡಿದೆ ಎನ್ನುವುದೇ ಸರಿ.

“ಯಾಕಕ್ಕಯ್ಯ, ಯಾರ ಮೇಲೆ ಸಿಟ್ಟು?”

“ಎದುರುಮನೇಗೆ ಹೋಗಿ ಉಣ್ಣು ಹೋಗು. ಕಮಲಮ್ಮ ಅಲ್ಲೇ ಅವ್ರೆ.”

“ಅಯ್ಯೋ, ಹೆಸರು ಎತ್ತಬ್ಯಾಡ ಅಂತ ಆಣೆ ಹಾಕಿಸ್ದೋಳು ನೀನೇ ಅಲ್ವಾ?”

“ಹುಟ್ಟಿದಾಗಿಂದ ನನ್ನ ಮಾತು ಒಂದನ್ನಾದ್ರೂ ಕೇಳಿದೀಯೇನೆ? ಇದೊಂದನ್ನೇ ಕೇಳ್ಬೇಕಿತ್ತಾ?”

ಓಬಿ ನಕ್ಕಳು. ಮುದ್ದೆಯ ತುತ್ತು ಮುರಿಯುತ್ತ ಲೆಕ್ಕ ಒಪ್ಪಿಸಿದಳು. ಕಿಟಕಿ ಸರೋಜಮ್ಮನದು. ನಿಲ್ಲುವ ರೀತಿ ನಮ್ಮಮ್ಮನದು. ಸೆರಗಿನಿಂದ ಕತ್ತು ಒರೆಸಿಕೊಳ್ಳುವುದು ನಮ್ಮ ತವರಿನ ಹತ್ತಿರದ ಹೇಮಾವತಿ ಊರಿನಲ್ಲಿ ಬಳೆ ಮಾರುತ್ತಿದ್ದ ಒಬ್ಬ ಅಜ್ಜಿಯದು. “ಮೂಗು, ಆಮೇಲೆ ಆ ಒಂದು ಮಾತು ನಿಂದು ಕಣಕ್ಕಯ್ಯ. ಅವೆರಡೇ ಜೀವ. ಮಿಕ್ಕಿದ್ದೆಲ್ಲ ಬರೀ ಸೀರೆ.” ಅಪ್ಪನ ತೋಟ ಪಾಲಾಗುವಾಗ ಬಾಯಿ ಬಿಡದೆ ಕೂತಿದ್ದ ನಾನು, ಕಮಲಮ್ಮನ ಪಾಲಿನಲ್ಲಿ ಬರೀ ಮೂಗು ಬಂತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಓಬಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಹೇಳಿದಳು: “ಸಾಯಿಸ್ತಾವ್ರೆ ಕಣಕ್ಕಯ್ಯ.”

“ಯಾರನ್ನೇ?”

“ಕಮಲಮ್ಮನ್ನ. ಕತೆ ಬೇರೆ ಕಡೆಗೆ ತಿರುಗುಸ್ತಾರಂತೆ.”

“ಅಯ್ಯಯ್ಯೋ, ನಾನೇನೇ ಮಾಡಿದ್ದೆ ಅವರಿಗೆ?” ಎಂದೆ.

“ನೀನಲ್ಲ ಬಿಡು, ಸಾಯೋದು ಸರೋಜಮ್ಮ” ಎಂದಳು. ಹಾಗಾದರೆ ಸರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ. “ಹೀರೋ ಸತ್ರೆ ಕತೆ ಮುಗೀತದೆ ಅಕ್ಕಯ್ಯ. ನಾವು ಸತ್ರೆ ಮಾರನೇ ದಿನ ಅದೇ ಮನೇಲಿ ಸೀಮಂತ ಇಟ್ಕೊಂಡಿರ್ತಾರೆ. ಈ ವಯಸ್ಸಲ್ಲಿ ಮತ್ತೆ ಮರದ ಕೆಳಗೆ ಹೋಗಿ ಕೂರ್ಬೇಕೇನೋ. ಇಷ್ಟು ವರ್ಷ ಜಾರಿದೀನಿ, ಬಿದ್ದಿದೀನಿ, ಒಂದ್ಸಲಾನೂ ಸತ್ತಿಲ್ಲ. ಸಾಯೋದು ಹೆಂಗೆ ಅಂತಾನೇ ಗೊತ್ತಿಲ್ಲ ನಂಗೆ.”

ಆಗ ನೋಡಿದೆ. ಬೈತಲೆಯ ಉದ್ದಕ್ಕೂ ಬಿಳಿಕೂದಲು ಮೊಳೆತಿದ್ದವು. ಎತ್ತರದ ಚಪ್ಪಲಿ ಹಾಕಿ ಹಾಕಿ ಪಾದ ಊದಿಕೊಂಡಿದ್ದವು. ನನ್ನ ತಂಗಿಗೆ ವಯಸ್ಸಾಗುತ್ತಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ನಾನು ನೋಡುತ್ತಿದ್ದದ್ದು ಟೀವಿಯಲ್ಲಿನ ಓಬಳಮ್ಮನನ್ನು. ಕೈ ತೊಳೆಸಿ, ಗೋಡೆಗೆ ಒರಗಿಸಿ ಕೂರಿಸಿ, ಬಿಸಿ ಎಣ್ಣೆ ತಂದು ಪಾದ ತಿಕ್ಕಿದೆ. “ನೀನು ಸತ್ರೆ ಆ ಧಾರಾವಾಹಿ ನೋಡೋರು ಯಾರೇ? ಮೊದ್ಲು ನಮ್ಮನೇ ಟೀವೀನೇ ಆರಿಸ್ತೀನಿ” ಎಂದೆ. ಅವಳು ಮುಂದಕ್ಕೆ ಬಾಗಿದಳು. ನನ್ನ ತಲೆಯ ಮೇಲೆ ಗಲ್ಲ ಊರಿಕೊಂಡು ಕೂತಳು. ಅಷ್ಟು ಹೊತ್ತು ನನ್ನ ಕಾಯಿಲೆ ಗುಣವಾಗಿತ್ತು. ಮಾರನೆಯ ಬೆಳಿಗ್ಗೆ ಅವಳು ಕಾರು ಹತ್ತುವ ಮೊದಲು ಸರೋಜಮ್ಮನ ಮನೆಗೆ ಕಾಫಿಗೆ ಹೋದಳು ನೋಡಿ, ಮತ್ತೆ ಮರುಕಳಿಸಿತು.

ಕಮಲಮ್ಮ ಸಾಯುವ ದಿನ ಬೀದಿಯ ಹೆಂಗಸರೆಲ್ಲ ಸರೋಜಮ್ಮನ ಮನೆಯಲ್ಲಿ ಸೇರಿದರು. ನನ್ನ ಮನೆಯಲ್ಲಿ ಇನ್ನೂ ದೊಡ್ಡ ಟೀವಿ ಇದೆ ಎಂದು ನಾನು ಹೇಳಿಯೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ಯಾವುದೋ ಜಗಳ ನಡೆಯುತ್ತಿರುತ್ತದೆ, ಕಮಲಮ್ಮ ಸರಿಯಾಗಿ ಕೇಳಿಸಲೆಂದು ಕಿಟಕಿಯಿಂದ ಇನ್ನಷ್ಟು ಬಾಗುತ್ತಾಳೆ, ಬಾಗಿದವಳು ಹಾಗೆಯೇ ಇರುತ್ತಾಳೆ. ಅಷ್ಟೆ. ಮೊದಲು ಎಲ್ಲರೂ ನಕ್ಕರು. ನಗು ತಾನಾಗಿ ನಿಂತಿತು. ಯಾರೋ ಬಿಕ್ಕುವುದು ಕೇಳಿಸಿತು. ತಿರುಗಿ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಬಿಕ್ಕುತ್ತಿದ್ದವಳು ನಾನು. ತಡೆಯಲಾಗದೆ ಗೊಳೋ ಎಂದು ಅತ್ತೆ. ಸರೋಜಮ್ಮ ನನ್ನ ಬೆನ್ನು ಸವರುತ್ತ, “ಅಳಬ್ಯಾಡ್ರಿ ಪ್ರಮೀಳಮ್ಮ, ನಾ ಇಲ್ಲೇ ಗಟ್ಟಿಮುಟ್ಟಾಗಿ ಅದೀನಲ್ರಿ” ಎಂದರು.

ಮರುದಿನದಿಂದ ಅವರ ಮನೆಯ ಮುಂದೆ ಜನವೋ ಜನ. ಯಾರೋ ದೃಷ್ಟಿ ತೆಗೆದರು, ಯಾರೋ ತೆಂಗಿನಕಾಯಿ ತಂದರು. ಸತ್ತರೆಂದು ಸುಳ್ಳುಸುದ್ದಿ ಹಬ್ಬಿದರೆ ಆಯಸ್ಸು ಗಟ್ಟಿಯಾಗುತ್ತದಂತೆ. ಟೀವಿಯಲ್ಲೇ ಸತ್ತವರಿಗೆ ಇನ್ನೆಷ್ಟು ಗಟ್ಟಿಯಾಗಬೇಡ ಎಂದು ಎಲ್ಲರೂ ಅವರನ್ನು ಕೊಂಡಾಡಿದರು. ಹಾರ ಹೋಯಿತು, ಹೆಸರು ಹೋಯಿತು, ನನಗೆ ಬರಬೇಕಾಗಿದ್ದ ಆಯಸ್ಸೂ ಬೀದಿ ದಾಟಿ ಎದುರುಮನೆಗೆ ಹೋಯಿತಲ್ಲ ಎಂದು ಅಡುಗೆಮನೆಯಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಫೋನು ಬಂತು. ಓಬಿ, ವಿಡಿಯೋದಲ್ಲಿ.

“ಅಕ್ಕಯ್ಯ, ಕೆಲಸ ಸಿಕ್ತು ಕಣೆ! ನಾನು ಸತ್ತಿದ್ದು ನೋಡಿ ಒಬ್ರು ಡೈರೆಕ್ಟ್ರು ಕರೆದವ್ರೆ. ಸಿನಿಮಾ. ಅದ್ರಲ್ಲೂ ಸಾಯ್ಬೇಕು, ಆದ್ರೆ ಜನ ಅಳ್ತಾ ಅಳ್ತಾ ನಗಬೇಕಂತೆ. ನಿಜ ಹೇಳು, ನಾನು ಸತ್ತಿದ್ದು ಹೆಂಗಿತ್ತು?”

“ಚೆನ್ನಾಗಿರ್ಲಿಲ್ಲ” ಎಂದೆ. ಗೊಳೋ ಎಂದು ಅತ್ತ ಬಾಯಿಯಲ್ಲೇ ಹೇಳಿದೆ. “ಕಮಲಮ್ಮ ಅಂಗೆ ಸುಮ್ಕೆ ಸಾಯ್ತಾಳೇನೆ? ಅರ್ಧ ಸುದ್ದಿ ಕೇಳಿಸ್ಕೊಂಡು ಯಾವ ಹೆಂಗಸಾದ್ರೂ ಸಾಯ್ತಾಳಾ? ಪೂರಾ ಕೇಳ್ಬೇಕು, ಯಾರಿಗೂ ಹೇಳಾಕೆ ಆಗ್ಲಿಲ್ವಲ್ಲ ಅಂತ ಸಂಕಟ ಪಡ್ಬೇಕು, ಆಮೇಲೆ ಸಾಯ್ಬೇಕು.”

ಫೋನಿನಲ್ಲಿ ಓಬಿ ಮುಖ ಹತ್ತಿರ ತಂದಳು. “ಹೆಂಗೆ? ತೋರ್ಸು.”

ನಾನು ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿದೆ. ಸೆರಗು ಸಿಕ್ಕಿಸಿದೆ. ಕಿಟಕಿಯ ಸರಳು ಹಿಡಿದು ಬಾಗಿದೆ, ಸುದ್ದಿ ಪೂರಾ ಕೇಳಿದೆ, ಕಣ್ಣರಳಿಸಿದೆ, ಹೇಳುವುದಕ್ಕೆ ಯಾರಾದರೂ ಇದ್ದಾರಾ ಎಂದು ಆ ಕಡೆ ಈ ಕಡೆ ಹುಡುಕಿದೆ, ಉಸಿರು ಹೋಗುತ್ತಿದ್ದರೂ ಮೂಗನ್ನು ಒಮ್ಮೆ ಪೂರ್ತಿ ಎಳೆದೆ, ಸುದ್ದಿಯನ್ನು ಬಾಯಲ್ಲಿಟ್ಟುಕೊಂಡೇ ನೆಲಕ್ಕೆ ಜಾರಿ, ಬದನೆಕಾಯಿಯ ಪಕ್ಕದಲ್ಲಿ ಸತ್ತೆ. ಸತ್ತು ಮಲಗಿದವಳಿಗೆ ನನ್ನ ತಂಗಿ ನಗುವುದು ಕೇಳಿಸುತ್ತಿತ್ತು. ಕ್ಯಾಮೆರಾ ಮುಂದಿನ ನಗು ಅಲ್ಲ. ಕೆಮ್ಮಿ, ಉಸಿರು ಸಿಕ್ಕಿಕೊಂಡು, “ಅಯ್ಯೋ ಅಕ್ಕಯ್ಯ, ಸಾಕು, ಹೊಟ್ಟೆ ನೋಯ್ತದೆ” ಎಂದು ಕಣ್ಣೊರೆಸಿಕೊಂಡು ನಗುವ ನಗು. ಊರನ್ನೆಲ್ಲ ನಗಿಸುವವಳನ್ನು ನಾನು ಹೀಗೆ ನಗಿಸಿದ್ದು ಅದೇ ಮೊದಲು. ಊಟಕ್ಕೆಂದು ಬಂದ ಯಜಮಾನರು ಬಾಗಿಲಲ್ಲೇ ನಿಂತು, ಹೆಂಡತಿ ನೆಲದ ಮೇಲಿರುವುದನ್ನೂ ಫೋನು ಕಿಲಕಿಲ ಎನ್ನುವುದನ್ನೂ ನೋಡಿ ಗಾಬರಿಯಾಗಿ, ಆಮೇಲೆ ಅವರೂ ನಗತೊಡಗಿದರು. ಈ ಸಲ ನಲ್ಲಿ ಬಿಡಲಿಲ್ಲ. “ಇದನ್ನೇ ಮಾಡ್ತೀನಿ ಕಣಕ್ಕಯ್ಯ, ಹಿಂಗೇ” ಎಂದಳು ಓಬಿ. ನೆಲದ ಮೇಲೆ ಮಲಗಿಕೊಂಡೇ ನಾನು ಯೋಚಿಸಿದೆ, ಇನ್ನು ಮೇಲೆ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಯಾಕಿರಬೇಕು?

ಅಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ದನಿ ಬಂತು. “ಪ್ರಮೀಳಮ್ಮಾ, ಏನಾತ್ರಿ? ಬಿದ್ರೇನ್ರಿ?”

“ಯಾರಕ್ಕಯ್ಯ ಅದು, ಸರೋಜಮ್ಮನೋರಾ?” ಎಂದಳು ಓಬಿ ಖುಷಿಯಿಂದ. “ಕರಿಯೇ ಅವ್ರನ್ನ. ಅವ್ರು ಹೆಂಗೆ ಸಾಯ್ತಾರೋ ಒಂದ್ಸಲ ನೋಡೋಣ.”

“ಹಲೋ... ಹಲೋ... ಕೇಳಿಸ್ತಿಲ್ಲ ಕಣೆ, ಸಿಗ್ನಲ್ ಹೋಯ್ತು” ಎಂದು ನಾನು ಫೋನು ಆರಿಸಿದೆ.